ಒಂದು ದೋಷ ಇನ್ನೊಂದನ್ನು ಮುಚ್ಚಿಟ್ಟಾಗ: ಫೋಮ್ ಜೆಟ್ ಮಾದರಿಯೊಂದರ ಪ್ರಕರಣ ಅಧ್ಯಯನ

ಈ ಪ್ರಕರಣದ ವಿಮಾನವು ಎಫ್-22 ಯುದ್ಧವಿಮಾನದ ಆಕಾರವನ್ನು ಅನುಸರಿಸಿ, 5 ಮಿ.ಮೀ. ದಪ್ಪದ ಫೋಮ್ ಹಾಳೆಗಳಿಂದ ಕಟ್ಟಿದ ರೇಡಿಯೊ ನಿಯಂತ್ರಿತ ಮಾದರಿ. ನಿಜವಾದ ವಿಮಾನದ ರೆಕ್ಕೆಗಳ ಹರವು 13.56 ಮೀಟರ್, ಉದ್ದ 18.92 ಮೀಟರ್, ಮಾದರಿಯ ಹರವು 660 ಮಿ.ಮೀ., ನಕ್ಷೆಯ ಪ್ರಕಾರ ಉದ್ದ 920 ಮಿ.ಮೀ. ಅಂದರೆ ಇದು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನ ಗಾತ್ರದ್ದು. ಕಟ್ಟಿದವರು ಅದಕ್ಕೂ ಮುನ್ನ ಒಡಲಿನ ಮೇಲ್ಭಾಗದಲ್ಲಿ ರೆಕ್ಕೆಯಿರುವ ತರಬೇತಿ ಮಾದರಿಗಳನ್ನು ಹಲವು ಕಾಲ ಹಾರಿಸಿ ಕೈ ಪಳಗಿಸಿಕೊಂಡಿದ್ದವರು. ಜೆಟ್ ಆಕಾರದ ಮಾದರಿ ಅವರಿಗೆ ಇದೇ ಮೊದಲು. ಮೊದಲ ಹಾರಾಟದಲ್ಲಿಯೇ ಅದು ನೆಲಕ್ಕಪ್ಪಳಿಸಿತು. ಮೋಟರಿನ ಶಕ್ತಿ ಸಾಲದೆ ಹೀಗಾಯಿತೆಂಬುದು ಅವರ ದೃಢ ಅಭಿಪ್ರಾಯವಾಗಿತ್ತು; ಮೂರು ಸೆಲ್‌ಗಳ ಬ್ಯಾಟರಿಯ ಬದಲು ನಾಲ್ಕು ಸೆಲ್‌ಗಳದ್ದನ್ನು ಹಾಕಬಹುದೇ ಎಂಬ ಪ್ರಶ್ನೆಯೊಂದಿಗೆ ವಿಮಾನವು ನನ್ನ ಬಳಿ ಪರಿಶೀಲನೆಗೆ ಬಂದಿತು. ಆ ಅಭಿಪ್ರಾಯ ತಪ್ಪೆಂದು ಕೊನೆಗೆ ತಿಳಿದುಬಂದರೂ ಅದು ಆಧಾರವಿಲ್ಲದ ಊಹೆಯಾಗಿರಲಿಲ್ಲ. ಅವರು ಕಣ್ಣಾರೆ ಕಂಡದ್ದು ಆ ತೀರ್ಮಾನಕ್ಕೇ ಕೊಂಡೊಯ್ಯುವಂತಿತ್ತು. ಹಾಗೇಕಾಯಿತು ಎಂಬುದೇ ಈ ಬರಹದ ವಿಷಯ.

ವಿಮಾನದ ರಚನೆ

ಜೆಟ್ ಎಂದು ಕರೆದರೂ ಇದರಲ್ಲಿ ಜೆಟ್ ಎಂಜಿನ್ ಇಲ್ಲ, ಕೊಳವೆಯೊಳಗೆ ಕೂರಿಸುವ ವಿದ್ಯುತ್ ಫ್ಯಾನ್ ಕೂಡ ಇಲ್ಲ. ಒಡಲಿನ ಹಿಂಭಾಗದಲ್ಲಿ, ರೆಕ್ಕೆ ಮುಗಿದು ಬಾಲ ಆರಂಭವಾಗುವ ಕಡೆ, ಫೋಮ್ ಹಾಳೆಯನ್ನೇ ಅಡ್ಡಲಾಗಿ ಕೊರೆದು ಕಿಂಡಿ ಮಾಡಿ, ಅದರಲ್ಲಿ 6 ಅಂಗುಲ ವ್ಯಾಸದ, 4 ಅಂಗುಲ ಪಿಚ್‌ನ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಪ್ರೊಪೆಲರ್ ಹಿಂದಿನಿಂದ ತಳ್ಳುವಂತೆ ತಿರುಗುತ್ತದೆ. ಈ ಗಾತ್ರದ ಮಾದರಿಗೆ ಇದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. 64 ಮಿ.ಮೀ. ಫ್ಯಾನ್‌ಗೆ ಹೋಲಿಸಿದರೆ 6 ಅಂಗುಲದ ಪ್ರೊಪೆಲರ್ ಐದೂವರೆ ಪಟ್ಟಿಗೂ ಹೆಚ್ಚು ಹರವಿನ ಗಾಳಿಯನ್ನು ಹಿಂದಕ್ಕೆ ನೂಕುತ್ತದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ನೂಕಿದರೂ, ಕಡಿಮೆ ಗಾಳಿಯನ್ನು ವೇಗವಾಗಿ ನೂಕಿದರೂ ಅಷ್ಟೇ ನೂಕುಬಲ ದೊರೆಯಬಹುದಾದರೂ, ಎರಡನೆಯದಕ್ಕೆ ಖರ್ಚಾಗುವ ಶಕ್ತಿ ಬಹಳ ಹೆಚ್ಚು. ಆದರ್ಶ ಲೆಕ್ಕದಲ್ಲಿಯೇ ಇಲ್ಲಿ ಅದು ಎರಡು ಪಟ್ಟನ್ನು ಮೀರುತ್ತದೆ. ಫ್ಯಾನ್‌ನ ಸದ್ದಿಗೆ ಮನಸೋತವರು ಈ ಮಾತನ್ನು ಒಪ್ಪಲಾರರು, ಇರಲಿ.

ರೆಕ್ಕೆ ಚಪ್ಪಟೆಯಾದ ಒಂದೇ ಹಾಳೆ. ಅದರೊಳಗೆ ಅಡ್ಡಲಾಗಿ ಒಂದು ಕಾರ್ಬನ್ ಕಡ್ಡಿಯನ್ನು ಹುದುಗಿಸಲಾಗಿದೆ. ಒಡಲಿನ ಮಧ್ಯದಲ್ಲಿ ರೆಕ್ಕೆಯ ಅಗಲ 480 ಮಿ.ಮೀ., ತುದಿಯಲ್ಲಿ 80 ಮಿ.ಮೀ.; ಬುಡದಿಂದ ತುದಿಗೆ ಬರುವಷ್ಟರಲ್ಲಿ ಮುಂಅಂಚು 300 ಮಿ.ಮೀ. ಹಿಂದೆ ಸರಿದಿರುತ್ತದೆ. ಒಟ್ಟು ವಿಸ್ತೀರ್ಣ ಸುಮಾರು 18.5 ಚದರ ಡೆಸಿಮೀಟರ್. ಬಾಲದಲ್ಲಿ ಎರಡು ಓರೆಯಾದ ಫಿನ್‌ಗಳೂ, ಇಡಿಯಾಗಿ ತಿರುಗುವ ಎರಡು ಬಾಲರೆಕ್ಕೆಗಳೂ ಇವೆ. ಈ ಬಾಲರೆಕ್ಕೆಗಳು ಒಟ್ಟಿಗೆ ಚಲಿಸಿದರೆ ಮೂತಿ ಏಳುತ್ತದೆ ಅಥವಾ ಇಳಿಯುತ್ತದೆ, ಒಂದಕ್ಕೊಂದು ವಿರುದ್ಧವಾಗಿ ಚಲಿಸಿದರೆ ವಿಮಾನ ಪಕ್ಕಕ್ಕೆ ಉರುಳುತ್ತದೆ. ಎರಡೂ ಆಜ್ಞೆಗಳನ್ನು ಬೆರೆಸುವ ಕೆಲಸವನ್ನು ಟ್ರಾನ್ಸ್‌ಮಿಟರ್ ಮಾಡುತ್ತದೆ. ಬಾಲರೆಕ್ಕೆಗಳನ್ನು ತಿರುಗಿಸುವ ಎರಡು 9 ಗ್ರಾಂ ಸರ್ವೋಗಳು, ಮೋಟರಿನ ವೇಗವನ್ನು ನಿಯಂತ್ರಿಸುವ ಒಂದು ಇಎಸ್‌ಸಿ, ಒಂದು ರಿಸೀವರ್, ಮೂರು ಸೆಲ್‌ಗಳ 2200 ಎಂಎಎಚ್ ಲಿಪೋ ಬ್ಯಾಟರಿ ಇವಿಷ್ಟೇ ಇದರ ವಿದ್ಯುತ್ ಸಾಮಗ್ರಿ.

ಮೊದಲ ಹಾರಾಟದಲ್ಲಿ ನಡೆದದ್ದು

ಅದೃಷ್ಟವಶಾತ್ ಹಾರಾಟದ ವಿಡಿಯೊ ಇತ್ತು. ಪೂರ್ಣ ಥ್ರಾಟಲ್‌ನಲ್ಲಿ ಕೈಬಿಟ್ಟ ವಿಮಾನವು ಸ್ವಲ್ಪ ಕುಸಿದು, ನಂತರ ಮೂತಿಯನ್ನು ತುಸು ತಗ್ಗಿಸಿಕೊಂಡೇ ಭಾರವಾಗಿ ಮುಂದೆ ಸಾಗಿತು. ಹಾರಿಸುತ್ತಿದ್ದವರು ಟ್ರಾನ್ಸ್‌ಮಿಟರಿನಲ್ಲಿ ಮೂತಿಯನ್ನು ಏರಿಳಿಸುವ ಎಲಿವೇಟರ್ ಕಡ್ಡಿಯನ್ನು ತಮ್ಮ ಕಡೆಗೆ ಎಳೆದು ಹಿಡಿದೇ ಇದ್ದರು. ಏರುವ ಲಕ್ಷಣ ಕಾಣಲಿಲ್ಲ. ಮೈದಾನದ ಅಂಚು ಸಮೀಪಿಸಿದಾಗ ತಿರುವು ತೆಗೆದುಕೊಳ್ಳಲೆಂದು ಥ್ರಾಟಲ್ ಅನ್ನು ಅರ್ಧಕ್ಕೆ ಇಳಿಸಿದರು. ಅದೇ ಕ್ಷಣದಲ್ಲಿ ಮೂತಿ ಮೇಲಕ್ಕೆದ್ದಿತು. ಗಾಬರಿಯಿಂದ ಕಡ್ಡಿಯನ್ನು ಮುಂದೆ ಒತ್ತಿದರೆ ವಿಮಾನ ಮುಗ್ಗರಿಸಿತು, ಎಳೆದರೆ ಮತ್ತೆ ಇನ್ನಷ್ಟು ಎತ್ತರಕ್ಕೆ ಮೂತಿ ಎತ್ತಿತು. ಪ್ರತಿ ಬಾರಿಯೂ ಅಲೆ ದೊಡ್ಡದಾಗುತ್ತ ಹೋಗಿ, ಕೊನೆಗೆ ವೇಗವೆಲ್ಲ ಕಳೆದುಕೊಂಡ ವಿಮಾನ ಎಡರೆಕ್ಕೆಯ ಮೇಲೆ ವಾಲಿ, ಮೂತಿ ಕೆಳಗಾಗಿ ಬಿದ್ದಿತು.

ಥ್ರಾಟಲ್ ತೆರೆದಿದ್ದಾಗ ಪಳಗಿದಂತೆ ಹಾರುತ್ತಿದ್ದ ವಿಮಾನ ಥ್ರಾಟಲ್ ಇಳಿಸಿದೊಡನೆ ಕೈಮೀರಿತು. ಇದನ್ನು ಕಂಡವರು ಶಕ್ತಿ ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಿದರೆ ಅವರನ್ನು ದೂರುವಂತಿಲ್ಲ.

ಮೊದಲಿಗೆ ತಳ್ಳಿಹಾಕಬೇಕಾದ ಕಾರಣಗಳು

ಪ್ರೊಪೆಲರ್ ಬಿಚ್ಚಿಟ್ಟು ಆರಂಭಿಸಿದೆ. ಮೇಜಿನ ಮೇಲೆ ಮೋಟರಿಗೆ ಬ್ಯಾಟರಿ ಜೋಡಿಸುವಾಗ ಇದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಕಡ್ಡಿಯನ್ನು ತಮ್ಮ ಕಡೆಗೆ ಎಳೆದಾಗ ಎರಡೂ ಬಾಲರೆಕ್ಕೆಗಳ ಹಿಂಅಂಚು ಮೇಲೇರಬೇಕು, ಬಲಕ್ಕೆ ತಳ್ಳಿದಾಗ ಬಲಗಡೆಯದು ಏರಿ ಎಡಗಡೆಯದು ಇಳಿಯಬೇಕು, ಎರಡೂ ಸರಿಯಾಗಿದ್ದವು. ಸರ್ವೋಗಳು ನಡುಮಟ್ಟಕ್ಕೆ ನಿಖರವಾಗಿ ಮರಳುತ್ತಿದ್ದವು. ಸರ್ವೋದ ಚಲನೆಯನ್ನು ಬಾಲರೆಕ್ಕೆಗೆ ಮುಟ್ಟಿಸುವ ಪುಶ್‌ರಾಡ್ ತಂತಿಗಳು ಮಾತ್ರ ಉದ್ದವಾಗಿದ್ದು, ಬಾಲರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಬಿಲ್ಲಿನಂತೆ ಬಾಗುತ್ತಿದ್ದವು. ಇದು ದೋಷವೇ ಸರಿ, ಆದರೆ ವಿಡಿಯೊದಲ್ಲಿ ಕಂಡ ವರ್ತನೆಗೆ ಇದು ಕಾರಣವಾಗಲಾರದು: ಬಾಗುವ ತಂತಿ ನಿಯಂತ್ರಣವನ್ನು ಮಂದಗೊಳಿಸುತ್ತದೆಯೇ ಹೊರತು ಚುರುಕುಗೊಳಿಸುವುದಿಲ್ಲ. ಪ್ರತಿ ತಂತಿಗೂ ನಡುವೆ ಪ್ಲಾಸ್ಟಿಕ್ ಕೊಳವೆಯ ಸಣ್ಣ ತುಂಡೊಂದನ್ನು ಆಧಾರವಾಗಿ ಅಂಟಿಸಿ ಆ ವಿಚಾರವನ್ನು ಅಲ್ಲಿಗೇ ಮುಗಿಸಿದೆ.

ಮುಂದಿನದು ಶಕ್ತಿಯ ಪ್ರಶ್ನೆ. ಪ್ರೊಪೆಲರ್ ಮರಳಿ ಜೋಡಿಸಿ, ಬಾಲದ ಕಡೆಯಿಂದ ಸ್ಪ್ರಿಂಗ್ ತ್ರಾಸಿಗೆ ಕಟ್ಟಿ ಪೂರ್ಣ ಥ್ರಾಟಲ್ ಕೊಟ್ಟಾಗ ದೊರೆತ ನೂಕುಬಲ 720 ಗ್ರಾಂ. ವಿಮಾನದ ಒಟ್ಟು ತೂಕ 690 ಗ್ರಾಂ. ನಿಂತಲ್ಲಿಯೇ ತನ್ನ ತೂಕಕ್ಕಿಂತ ಹೆಚ್ಚು ತಳ್ಳುವ ಮೋಟರನ್ನು ದುರ್ಬಲವೆನ್ನಲಾಗದು. ವೇಗದ ಲೆಕ್ಕವೂ ಇದನ್ನೇ ಹೇಳುತ್ತದೆ. ಮೋಟರಿನ ಕೆವಿ, ಅಂದರೆ ಹೊರೆಯಿಲ್ಲದಾಗ ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ ತಿರುಗುವ ಸುತ್ತುಗಳು, 2200. ಮೂರು ಸೆಲ್‌ಗಳ 11.1 ವೋಲ್ಟ್‌ನಲ್ಲಿ ಹೊರೆಯಿಲ್ಲದೆ ನಿಮಿಷಕ್ಕೆ 24,000ಕ್ಕೂ ಮಿಕ್ಕಿದ ಸುತ್ತುಗಳು, ಪ್ರೊಪೆಲರಿನ ಹೊರೆ ಬಿದ್ದಾಗ ಸುಮಾರು 19,000. ಪ್ರತಿ ಸುತ್ತಿಗೆ 4 ಅಂಗುಲ ಮುಂದೆ ಹೋಗುತ್ತದೆಂದು ಹಿಡಿದರೆ ಸೆಕೆಂಡಿಗೆ 32 ಮೀಟರ್, ಅಂದರೆ ಗಂಟೆಗೆ 115 ಕಿ.ಮೀ.ಗಿಂತ ತುಸು ಹೆಚ್ಚು. ಗಾಳಿಯ ತಡೆಯಿಂದಾಗಿ ಅಷ್ಟೂ ವೇಗ ಸಿಗದಿದ್ದರೂ ಹಾರಲು ಬೇಕಾದ ವೇಗಕ್ಕಿಂತ ಅದು ಎಷ್ಟೋ ಮೇಲೆ.

ಇನ್ನು ತೂಕ. ನಕ್ಷೆ ಹೇಳಿದ್ದು 560 ಗ್ರಾಂ. 130 ಗ್ರಾಂ ಹೆಚ್ಚಾಗಿದೆ. ಭಾರವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಹೆಚ್ಚಿನವರು ಹೇಳುವುದೂ ಅದನ್ನೇ. ಆದರೆ ವಿಮಾನ ಎತ್ತುಬಲ ಕಳೆದುಕೊಂಡು ಸ್ಟಾಲ್ ಆಗುವ ವೇಗವು ತೂಕದ ವರ್ಗಮೂಲಕ್ಕೆ ಅನುಗುಣವಾಗಿ ಮಾತ್ರ ಏರುತ್ತದೆ. 560ರಿಂದ 690ಕ್ಕೆ ಏರಿದಾಗ ಆ ವೇಗ ಹೆಚ್ಚುವುದು ಶೇಕಡಾ 11ರಷ್ಟು. ಚಪ್ಪಟೆ ರೆಕ್ಕೆಯ ಈ ಮಾದರಿಗೆ ಸ್ಥೂಲವಾಗಿ ಗಂಟೆಗೆ 27 ಕಿ.ಮೀ. ಇದ್ದದ್ದು 30 ಕಿ.ಮೀ. ಆಗುತ್ತದೆ. ಕೈಯಿಂದ ಎಸೆಯುವಾಗ ಇದು ಅನುಭವಕ್ಕೆ ಬರುತ್ತದೆ, ಆರಂಭದ ಕುಸಿತಕ್ಕೆ ಇದೇ ಕಾರಣವಿರಲೂಬಹುದು. ಆದರೆ ಹಾರುತ್ತಿರುವ ವಿಮಾನ ಅಲೆಯಲೆಯಾಗಿ ಮೂತಿ ಎತ್ತಿ ಇಳಿಸುವುದಕ್ಕೆ ಇದು ಉತ್ತರವಲ್ಲ.

ಗುರುತ್ವ ಕೇಂದ್ರ: ಎಲ್ಲಿಂದ ಅಳೆದದ್ದು?

ಅಂಥ ವರ್ತನೆಯನ್ನು ಕಂಡ ಯಾರಿಗೂ ಮೊದಲು ಹೊಳೆಯುವುದು ಬಾಲ ಭಾರವಾಗಿದೆ, ಅಂದರೆ ವಿಮಾನ ತೂಗಿ ನಿಲ್ಲುವ ಗುರುತ್ವ ಕೇಂದ್ರ (ಸಿಜಿ) ಹಿಂದಿದೆ ಎಂಬುದು. ಕಟ್ಟಿದವರಿಗೂ ಅದು ಹೊಳೆದಿತ್ತು. ಆದರೆ ಅವರು ಸಿಜಿಯನ್ನು ಎರಡೆರಡು ಬಾರಿ ಪರೀಕ್ಷಿಸಿದ್ದರು. ನಕ್ಷೆಯಲ್ಲಿ ಮೂತಿಯ ತುದಿಯಿಂದ 540 ಮಿ.ಮೀ. ಎಂದಿದ್ದು, ಆ ಗುರುತಿನ ಮೇಲೆ ವಿಮಾನ ಮಟ್ಟಸವಾಗಿ ನಿಲ್ಲುತ್ತಿತ್ತು. ನಾನು ತೂಗಿದಾಗಲೂ ನಿಂತಿತು. ಇಲ್ಲಿಯೇ ಅನುಮಾನ ಮುಗಿದುಹೋಗಬಹುದಿತ್ತು.

ನನ್ನದು ಬೇರೆ ಅಭ್ಯಾಸ: ನಕ್ಷೆಯ ಅಂಕಿಯನ್ನು ಕೈಗೆತ್ತಿಕೊಳ್ಳುವ ಮುನ್ನ ರೆಕ್ಕೆಯನ್ನೇ ಅಳೆದು ಸಿಜಿ ಎಲ್ಲಿರಬೇಕೆಂದು ಲೆಕ್ಕ ಹಾಕುತ್ತೇನೆ. ಏಕೆಂದರೆ ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ, ಮೂತಿಯಲ್ಲ. ಸಿಜಿಯ ಜಾಗಕ್ಕೆ ಅರ್ಥ ಬರುವುದು ರೆಕ್ಕೆಯ ಸಂಬಂಧದಿಂದ. ಬುಡದಲ್ಲಿ 480, ತುದಿಯಲ್ಲಿ 80 ಇರುವ ಈ ರೆಕ್ಕೆಯ ವಾಯುಬಲ ಸರಾಸರಿ ಅಗಲ ಸುಮಾರು 328 ಮಿ.ಮೀ. ಅದು ನಡುರೇಖೆಯಿಂದ 126 ಮಿ.ಮೀ. ಹೊರಗೆ ಬರುತ್ತದೆ, ಅಲ್ಲಿ ಮುಂಅಂಚು ಬುಡದ ಮುಂಅಂಚಿಗಿಂತ 114 ಮಿ.ಮೀ. ಹಿಂದಿರುತ್ತದೆ. ಇಂಥ ಮಾದರಿಗೆ ಸಿಜಿಯನ್ನು ಸರಾಸರಿ ಅಗಲದ ಶೇಕಡಾ 20ರಿಂದ 25ರೊಳಗೆ ಇಟ್ಟು ಆರಂಭಿಸುವುದು ವಾಡಿಕೆ. ಬುಡದ ಮುಂಅಂಚಿನಿಂದ ಅಳೆದರೆ ಅದು 180ರಿಂದ 196 ಮಿ.ಮೀ. ಆಗುತ್ತದೆ. ನಕ್ಷೆಯಲ್ಲಿ ರೆಕ್ಕೆಯ ಬುಡವು ಮೂತಿಯಿಂದ 350 ಮಿ.ಮೀ. ದೂರವಿದ್ದು, 540ರಲ್ಲಿ 350 ಕಳೆದರೆ 190. ಅಲ್ಲಿಗೆ ನಕ್ಷೆಯೂ ಲೆಕ್ಕವೂ ಒಂದನ್ನೊಂದು ಒಪ್ಪಿದವು.

ಒಪ್ಪದೇ ಹೋದದ್ದು ವಿಮಾನ. ಅದರ ತೂಗುವ ಬಿಂದು ಬುಡದ ಮುಂಅಂಚಿನಿಂದ 218 ಮಿ.ಮೀ. ಹಿಂದಿತ್ತು, ಅಂದರೆ ಇರಬೇಕಾದ್ದಕ್ಕಿಂತ 28 ಮಿ.ಮೀ. ಹಿಂದೆ. ಮೂತಿಯಿಂದ ಅಳೆದರೆ ಸರಿಯಾಗಿಯೇ 540. ಎರಡೂ ನಿಜವಾಗಬೇಕಿದ್ದರೆ ಮೂತಿಯೇ 28 ಮಿ.ಮೀ. ಕುಳ್ಳಾಗಿರಬೇಕು. ಅಪ್ಪಳಿಸಿದಾಗ ಜಜ್ಜಿಹೋಗಿದ್ದರಿಂದ ಹೀಗಾಯಿತೇ ಎಂದು ನೋಡಿದೆ. ಇಲ್ಲ, ಮುರಿದ ತುಂಡುಗಳನ್ನು ಜೋಡಿಸಿಟ್ಟರೂ ಒಟ್ಟು ಉದ್ದ 892 ಮಿ.ಮೀ. ಮಾತ್ರ.

ಕಾರಣ ಸಿಕ್ಕಿದ್ದು ಕಾಗದದಲ್ಲಿ. ನಕ್ಷೆಯನ್ನು ಎ4 ಹಾಳೆಗಳಲ್ಲಿ ಮುದ್ರಿಸಿ ಅಂಟಿಸಿ ಜೋಡಿಸುವಂತೆ ರಚಿಸಲಾಗಿತ್ತು. ಪ್ರತಿ ಹಾಳೆಯ ಅಂಚಿನಲ್ಲಿ 14 ಮಿ.ಮೀ. ಪಟ್ಟಿಯೊಂದಿದ್ದು, ಮುಂದಿನ ಹಾಳೆ ಎಲ್ಲಿ ಕೂರಬೇಕೆಂಬುದಕ್ಕೆ ಒಳಗೊಂದು, ಹೊರಗೊಂದು ಹೀಗೆ ಎರಡು ಗೆರೆಗಳಿದ್ದವು. ರೆಕ್ಕೆಯ ಹಾಳೆಗಳನ್ನು ಹೊರಗೆರೆಗೆ ಹೊಂದಿಸಿ ಸರಿಯಾಗಿ ಜೋಡಿಸಲಾಗಿತ್ತು. ಮುಂಭಾಗದ ಒಡಲಿನ ಎರಡು ಸೇರುವೆಗಳಲ್ಲಿ ಮಾತ್ರ ಒಳಗೆರೆಯ ಮೇಲೆ ಕೂರಿಸಲಾಗಿತ್ತು. ಒಡಲಿನ ಪಕ್ಕದ ಗೆರೆಗಳು ಆ ಭಾಗದಲ್ಲಿ ಬಹುಮಟ್ಟಿಗೆ ಸಮಾನಾಂತರವಾಗಿರುವುದರಿಂದ ಹಾಳೆಗಳು ಹಿಂದೆ ಸರಿದದ್ದು ಕಣ್ಣಿಗೆ ಬೀಳುವಂತಿರಲಿಲ್ಲ. ಎರಡು ಸೇರುವೆ, ಒಂದೊಂದರಲ್ಲಿ 14 ಮಿ.ಮೀ.; ಕಳೆದುಹೋದ 28ಕ್ಕೆ ಲೆಕ್ಕ ಸಿಕ್ಕಿತು. ಮುದ್ರಣದ ಅಳತೆ ಸರಿಯಿದೆಯೇ ಎಂದು ನೋಡಲು ನಕ್ಷೆಯಲ್ಲಿ 100 ಮಿ.ಮೀ. ಉದ್ದದ ಗೆರೆಯೊಂದಿದೆ, ಅದನ್ನು ಅವರು ಅಳೆದೂ ಇದ್ದರು. ಆದರೆ ಆ ಗೆರೆ ಇರುವುದು ಒಂದೇ ಹಾಳೆಯೊಳಗೆ. ಹಾಳೆಗಳ ನಡುವಿನ ಸೇರುವೆಯ ಬಗ್ಗೆ ಅದು ಏನನ್ನೂ ಹೇಳಲಾರದು.

ಶೇಕಡಾ 23ರಲ್ಲಿ ಇರಬೇಕಾಗಿದ್ದ ಸಿಜಿ ಹೀಗೆ ಶೇಕಡಾ 32ರ ಸಮೀಪಕ್ಕೆ ಸರಿದಿತ್ತು. ಪ್ರತಿ ವಿಮಾನಕ್ಕೂ ಒಂದು ತಟಸ್ಥ ಬಿಂದುವಿರುತ್ತದೆ. ಸಿಜಿ ಅದರ ಮುಂದಿದ್ದರೆ, ಗಾಳಿ ಮೂತಿಯನ್ನು ಎತ್ತಿದಾಗ ವಿಮಾನ ತಾನಾಗಿಯೇ ಅದನ್ನು ಇಳಿಸಿಕೊಳ್ಳುತ್ತದೆ. ಅದರ ಮೇಲೇ ಬಂದು ಕುಳಿತರೆ ಎತ್ತಿದ ಮೂತಿ ಎತ್ತಿದಂತೆಯೇ ಉಳಿಯುತ್ತದೆ. ಹಿಂದೆ ಹೋದರೆ ಇನ್ನಷ್ಟು ಏಳುತ್ತದೆ. ಎಫ್-16ರಿಂದ ಮೊದಲ್ಗೊಂಡು ಹಲವು ಯುದ್ಧವಿಮಾನಗಳಲ್ಲಿ ಚುರುಕುತನಕ್ಕಾಗಿ ಈ ಸ್ಥಿರತೆಯನ್ನು ಬೇಕೆಂದೇ ಸಡಿಲಗೊಳಿಸಿ, ಬಾಲದ ಚಲನೆಯನ್ನು ಕಂಪ್ಯೂಟರ್ ಕೈಗೆ ಒಪ್ಪಿಸಲಾಗಿದೆ. ತಿರುಗುವಿಕೆಯನ್ನು ಗ್ರಹಿಸುವ ಜೈರೊ ಕೂಡ ಇಲ್ಲದ ಫೋಮ್ ಮಾದರಿಯಲ್ಲಿ ಆ ಕೆಲಸ ಬೀಳುವುದು ಮನುಷ್ಯನ ಬೆರಳುಗಳ ಮೇಲೆ, ಮತ್ತು ಇಷ್ಟು ಸಣ್ಣ ವಿಮಾನದ ತಿರುಗುವಿಕೆಗೆ ಬೆರಳು ಯಾವಾಗಲೂ ತಡವಾಗಿಯೇ ಉತ್ತರಿಸುತ್ತದೆ. ವಿಡಿಯೊದಲ್ಲಿ ಅಲೆ ದೊಡ್ಡದಾಗುತ್ತ ಹೋದದ್ದು ಇದೇ ತಡದಿಂದ.

ಹಾಗಿದ್ದರೆ ಪೂರ್ಣ ಥ್ರಾಟಲ್‌ನಲ್ಲಿ ಏಕೆ ಹಾರಿತು?

ಬಾಲ ಇಷ್ಟು ಭಾರವಾಗಿರುವ ವಿಮಾನ ಕೈಬಿಟ್ಟ ಕ್ಷಣದಿಂದಲೇ ಮೂತಿ ಎತ್ತಬೇಕಿತ್ತು. ಅದು ಎತ್ತಲಿಲ್ಲ, ಬದಲಿಗೆ ತಗ್ಗಿಸಿಕೊಂಡೇ ಸಾಗಿತು. ಈ ಪ್ರಶ್ನೆಯನ್ನು ಕೇಳದೆ ಸಿಜಿಯನ್ನು ಮಾತ್ರ ಸರಿಪಡಿಸಿ ಕಳಿಸಿದ್ದರೆ ಎರಡನೇ ಹಾರಾಟವೂ ಬಹುಶಃ ನೆಲದಲ್ಲಿಯೇ ಮುಗಿಯುತ್ತಿತ್ತು.

ನಕ್ಷೆಯಲ್ಲಿ ಸೂಚಿಸಿದ್ದ ಸುಮಾರು 50 ಗ್ರಾಂ ಮೋಟರಿನ ಬದಲು ಅವರು 70 ಗ್ರಾಂನದನ್ನು ಹಾಕಿದ್ದರು. ಹಾಳೆಯ ಮಟ್ಟದಲ್ಲಿ ಕೊರೆದ ಕಚ್ಚಿನೊಳಗೆ ದಪ್ಪನೆಯ ಆ ಮೋಟರ್ ಇಳಿಯದ ಕಾರಣ, ಪ್ಲೈವುಡ್ ತುಂಡೊಂದನ್ನು ನಿಲ್ಲಿಸಿ ಮೋಟರನ್ನು ಹಾಳೆಯ ಮೇಲೆ ಎತ್ತಿ ಕೂರಿಸಲಾಗಿತ್ತು. ಮೋಟರಿನ ದಂಡವು ಇದರಿಂದ ವಿಮಾನದ ಸಿಜಿಗಿಂತ 15 ಮಿ.ಮೀ. ಮೇಲೆ ಬಂದಿತು. ಸಿಜಿಗಿಂತ ಮೇಲಿನಿಂದ ಮುಂದಕ್ಕೆ ತಳ್ಳುವ ಬಲ ಮೂತಿಯನ್ನು ಕೆಳಗೆ ತಿರುಗಿಸುತ್ತದೆ. 720 ಗ್ರಾಂ ನೂಕುಬಲವನ್ನು 15 ಮಿ.ಮೀ.ಯಿಂದ ಗುಣಿಸಿದರೆ 10,800 ಗ್ರಾಂ-ಮಿ.ಮೀ. ತಿರುಗುಬಲ. ಬಾಲದ ಭಾರದಿಂದ ಬಂದ ತಿರುಗುಬಲವೋ, 690 ಗುಣಿಸು 28, ಅಂದರೆ 19,320. ವಿಮಾನ ವೇಗ ಪಡೆದಂತೆ ಪ್ರೊಪೆಲರಿನ ನೂಕುಬಲ ಕುಗ್ಗುತ್ತದೆ, ಬಾಲರೆಕ್ಕೆಯ ಟ್ರಿಮ್ (ಕಡ್ಡಿ ನಡುಮಟ್ಟದಲ್ಲಿದ್ದಾಗ ಅದು ನಿಲ್ಲುವ ಕೋನ) ಕೂಡ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಕಳೆದು ಉತ್ತರ ಹೇಳುವಂತಿಲ್ಲ. ಆದರೂ ಕೈಬಿಟ್ಟ ಮೊದಲ ಕ್ಷಣಗಳಲ್ಲಿ, ಪೂರ್ಣ ಥ್ರಾಟಲ್‌ನಲ್ಲಿ, ಒಂದು ದೋಷವು ಇನ್ನೊಂದರ ಅರ್ಧಕ್ಕೂ ಹೆಚ್ಚಿನ ಭಾಗವನ್ನು ಮುಚ್ಚಿಡುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಥ್ರಾಟಲ್ ಇಳಿಸಿದಾಗ ಮುಚ್ಚಳ ತೆಗೆದಂತಾಯಿತು. ಎಳೆದು ಹಿಡಿದಿದ್ದ ಎಲಿವೇಟರ್ ಜೊತೆಗೆ ಸೇರಿಕೊಂಡು ಮೂತಿ ಮೇಲಕ್ಕೆ ಚಿಮ್ಮಿತು.

ನಾಲ್ಕು ಸೆಲ್‌ಗಳ ಬ್ಯಾಟರಿ ಹಾಕಿದ್ದರೆ ಆಗುತ್ತಿದ್ದುದನ್ನು ಈಗ ಊಹಿಸಬಹುದು. ನೂಕುಬಲ ಹೆಚ್ಚಿ, ಮೂತಿಯನ್ನು ತಗ್ಗಿಸುವ ತಿರುಗುಬಲವೂ ಹೆಚ್ಚಿ, ಬಾಲದ ಭಾರ ಇನ್ನಷ್ಟು ಚೆನ್ನಾಗಿ ಮರೆಯಾಗುತ್ತಿತ್ತು. ವಿಮಾನ ಸುಧಾರಿಸಿತೆಂದೇ ತೋರುತ್ತಿತ್ತು, ಇಳಿಸಲು ಥ್ರಾಟಲ್ ಮುಚ್ಚುವವರೆಗೆ.

ಸರಿಪಡಿಸಿದ ಬಗೆ

ಮೂತಿಯಲ್ಲಿ ಸೀಸದ ತುಂಡು ಇಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಮೂತಿಯ ತುದಿಯಿಂದ 60 ಮಿ.ಮೀ. ಒಳಗೆ ಇಟ್ಟರೆ ಅದು ಸರಿಯಾದ ಸಿಜಿಗಿಂತ 452 ಮಿ.ಮೀ. ಮುಂದಿರುತ್ತದೆ, 19,320ನ್ನು 452ರಿಂದ ಭಾಗಿಸಿದರೆ ಸುಮಾರು 43 ಗ್ರಾಂ ಬೇಕು. ಆಗಲೇ 130 ಗ್ರಾಂ ಹೆಚ್ಚಾಗಿರುವ ವಿಮಾನಕ್ಕೆ ಹಾರಾಟದಲ್ಲಿ ಯಾವ ಕೆಲಸವನ್ನೂ ಮಾಡದ 43 ಗ್ರಾಂ ಸೇರಿಸಲು ನನಗೆ ಮನಸ್ಸಾಗಲಿಲ್ಲ. ಇರುವ ಭಾರವನ್ನೇ ಮುಂದೆ ತಳ್ಳಲು, ಬಾಲದಿಂದ ತೆಗೆಯಬಹುದಾದ್ದನ್ನು ತೆಗೆಯಲು ನಿರ್ಧರಿಸಿದೆವು.

180 ಗ್ರಾಂ ಬ್ಯಾಟರಿಯೇ ಎಲ್ಲಕ್ಕಿಂತ ಉಪಯುಕ್ತ ತೂಕ. ಮುರಿದ ಮೂತಿಯನ್ನು ಹೇಗಿದ್ದರೂ ಹೊಸದಾಗಿ ಕಟ್ಟಬೇಕಿದ್ದರಿಂದ ಬ್ಯಾಟರಿ ಕೂರುವ ಗೂಡನ್ನು ಮುಂದಕ್ಕೆ ಬಿಡಿಸಿ, ಅದನ್ನು 60 ಮಿ.ಮೀ. ಮುಂದೆ ಸರಿಸಲಾಯಿತು: 10,800. ಅದಕ್ಕೂ ಮುಂದೆ ಮೂತಿ ಬಹಳ ಕಿರಿದು. 35 ಗ್ರಾಂ ಇಎಸ್‌ಸಿಯನ್ನು 70 ಮಿ.ಮೀ. ಮುಂದೆ ತಂದಾಗ ಇನ್ನೊಂದು 2,450 ದೊರೆಯಿತು. ಮೋಟರಿನ ಮೂರು ತಂತಿಗಳನ್ನು ಅದಕ್ಕೆ ತಕ್ಕಂತೆ ಉದ್ದ ಮಾಡಬೇಕಾಯಿತು. ಬ್ಯಾಟರಿ ಕಡೆಯ ತಂತಿಗಳನ್ನು ಉದ್ದ ಮಾಡುವುದಕ್ಕಿಂತ ಇದು ಇಎಸ್‌ಸಿಗೆ ಕ್ಷೇಮ.

ಉಳಿದ ಸುಮಾರು 6,000ಕ್ಕೆ ಬಾಲದ ಕಡೆ ನೋಡಬೇಕಿತ್ತು. ಫಿನ್‌ಗಳ ಬುಡದಲ್ಲಿಯೂ ಬಾಲರೆಕ್ಕೆಯ ಆಧಾರಗಳ ಸುತ್ತಲೂ ಹಾಟ್ ಗ್ಲೂ ದಪ್ಪ ಏಣಿನಂತೆ ಹರಿದು ನಿಂತಿತ್ತು. ಮೂಲೆಯಲ್ಲಿ 5 ಮಿ.ಮೀ. ಕೈಗಳ ತ್ರಿಕೋನದಂತೆ ಎಳೆದ ಅಂಟು ಮೀಟರಿಗೆ ಹೆಚ್ಚೂಕಡಿಮೆ 12 ಗ್ರಾಂ ತೂಗುತ್ತದೆ. ಗ್ಲೂ ಗನ್‌ನಿಂದ ಸುರಿಯುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಇಡೀ ವಿಮಾನದಲ್ಲಿ ಹೆಚ್ಚಾಗಿದ್ದ 130 ಗ್ರಾಂನಲ್ಲಿ 45 ಗ್ರಾಂ ಬರೀ ಅಂಟಿನದು. ಉಳಿದದ್ದರಲ್ಲಿ ಬಣ್ಣದ ಪಾಲು 22, ದೊಡ್ಡ ಬ್ಯಾಟರಿಯದು 25, ಮೋಟರಿನದು 20, 3 ಮಿ.ಮೀ. ಹಾಳೆಯ ಬದಲು ಎರಡು ಪದರ ಮಾಡಿ ಕಡ್ಡಿ ಕೂರಿಸಿದ ಫಿನ್‌ಗಳದು 18.

ಒಣಗಿದ ಹಾಟ್ ಗ್ಲೂವನ್ನು ಫೋಮ್‌ನಿಂದ ಕಿತ್ತರೆ ಫೋಮ್ ಕೂಡ ಸಿಪ್ಪೆಯಾಗಿ ಎದ್ದುಬರುತ್ತದೆ. ಅಂಟಿನ ಅಂಚಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಬಿಟ್ಟು, ಅದು ಒಳಗೆ ಇಳಿಯುವವರೆಗೆ ಕಾದು, ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಮೆಲ್ಲಗೆ ತೂರಿಸಿದರೆ ಏಣು ಇಡಿಯಾಗಿ ಬಿಟ್ಟುಕೊಳ್ಳುತ್ತದೆ, ಫೋಮ್‌ಗೆ ಗಾಯವಾಗುವುದಿಲ್ಲ. ಅಸಿಟೋನ್ ಅನ್ನು ಮಾತ್ರ ಹತ್ತಿರಕ್ಕೂ ತರಬಾರದು, ಪಾಲಿಸ್ಟೈರೀನ್ ಫೋಮ್ ಅದರಲ್ಲಿ ಕರಗಿಹೋಗುತ್ತದೆ. ಸಾಮಾನ್ಯ ಸೂಪರ್ ಗ್ಲೂ, ಹಲವು ಸ್ಪ್ರೇ ಬಣ್ಣಗಳು ಕೂಡ ಹಾಗೆಯೇ ತಿನ್ನುತ್ತವೆ. ಹೀಗೆ ಕೆರೆದು ತೆಗೆದ ಅಂಟು 11 ಗ್ರಾಂ. ಫಿನ್‌ಗಳನ್ನು 3 ಮಿ.ಮೀ. ಹಾಳೆಯಿಂದ ಹೊಸದಾಗಿ ಕತ್ತರಿಸಿ, ಫೋಮ್‌ಗೆಂದೇ ತಯಾರಾದ ಅಂಟನ್ನು ತೆಳ್ಳಗೆ ಹಚ್ಚಿ ಕೂರಿಸಿದ್ದರಿಂದ ಉಳಿದದ್ದು 9 ಗ್ರಾಂ. ಒಟ್ಟು 20 ಗ್ರಾಂ, ಸಿಜಿಯಿಂದ ಸರಾಸರಿ 300 ಮಿ.ಮೀ. ಹಿಂದೆ: 6,000. ವಿಮಾನ 670 ಗ್ರಾಂ ಆಯಿತು, ರೆಕ್ಕೆಯ ಬುಡದಿಂದ 190 ಮಿ.ಮೀ. ಗುರುತಿನ ಮೇಲೆ ತೂಗಿ ನಿಂತಿತು. ಬಾಲದಲ್ಲಿನ ಸಣ್ಣ ತೂಕವನ್ನು ಕೀಳೆಣಿಸುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು: ಅಲ್ಲಿ ತೆಗೆದ 20 ಗ್ರಾಂ, ಬ್ಯಾಟರಿಯನ್ನು 33 ಮಿ.ಮೀ. ಮುಂದೆ ತಳ್ಳಿದ್ದಕ್ಕೆ ಸಮ.

ಮೂತಿಯನ್ನು ನಕ್ಷೆಯ ಉದ್ದಕ್ಕೆ ಬೆಳೆಸಲಿಲ್ಲವೇಕೆಂದು ಕೇಳಬಹುದು. ಬೆಳೆಸಿದ್ದರೆ ಬ್ಯಾಟರಿ ಇನ್ನಷ್ಟು ಮುಂದೆ ಹೋಗುತ್ತಿತ್ತು, ನಿಜ. ಆದರೆ ಮುಂದೆ ಚಾಚಿದ ಚಪ್ಪಟೆ ಮೂತಿ ತಾನೇ ಒಂದು ರೆಕ್ಕೆಯಾಗಿ ವರ್ತಿಸಿ ತಟಸ್ಥ ಬಿಂದುವನ್ನು ಮುಂದಕ್ಕೆಳೆಯುತ್ತದೆ. ಕುಳ್ಳಾದ ಮೂತಿ ಒಂದು ಕಡೆ ತೊಂದರೆ ತಂದರೂ ಇನ್ನೊಂದು ಕಡೆ ತುಸು ಸ್ಥಿರತೆಯನ್ನು ಕೊಟ್ಟಿತ್ತು. ಮೊದಲ ದಿನ ಆ ವಿಮಾನ ಅಷ್ಟು ದೂರವಾದರೂ ಹೋದದ್ದರಲ್ಲಿ ಇದಕ್ಕೂ ಪಾಲಿರಬಹುದು.

ಪರೀಕ್ಷೆ

ಮೊದಲ ಪರೀಕ್ಷೆ ಮೋಟರಿಲ್ಲದೆ. ಎತ್ತರದ ಹುಲ್ಲಿನ ಮೇಲೆ, ಗಾಳಿಗೆ ಎದುರಾಗಿ, ಮೂತಿಯನ್ನು ತುಸುವೇ ತಗ್ಗಿಸಿ ನೇರವಾಗಿ ಬಿಟ್ಟಾಗ ವಿಮಾನ ಏರಿಳಿತವಿಲ್ಲದೆ ಜಾರುತ್ತ ಹೋಗಿ ಹುಲ್ಲಿನಲ್ಲಿ ಕುಳಿತಿತು. ಸಿಜಿಯ ದೋಷ ಮೋಟರ್ ಆರಿಸಿದಾಗಲೂ ಕಾಣುತ್ತದೆ, ನೂಕುಬಲದ ರೇಖೆಯ ದೋಷ ಮೋಟರ್ ತಿರುಗಿದಾಗ ಮಾತ್ರ ಕಾಣುತ್ತದೆ. ಒಂದನ್ನೊಂದು ಮುಚ್ಚಿಟ್ಟಿರುವ ಎರಡನ್ನು ಬೇರ್ಪಡಿಸಿ ನೋಡಲು ಇದಕ್ಕಿಂತ ಸರಳ ಪರೀಕ್ಷೆಯನ್ನು ನಾನರಿಯೆ.

ಹಾರಿಸುವ ಮುನ್ನ ಬಾಲರೆಕ್ಕೆಗಳ ಚಲನೆಯನ್ನು ಮೇಲಕ್ಕೂ ಕೆಳಕ್ಕೂ 12 ಮಿ.ಮೀ.ಗೆ ಇಳಿಸಿ, ನಡುಮಟ್ಟದ ಸುತ್ತ ಕಡ್ಡಿ ಮೃದುವಾಗುವಂತೆ ಶೇಕಡಾ 30ರಷ್ಟು ಎಕ್ಸ್‌ಪೊ ಹಾಕಲಾಯಿತು. ನಿರೀಕ್ಷಿಸಿದಂತೆಯೇ ಮೋಟರ್ ಹಾಕಿ ಹಾರಿಸಿದಾಗ ಅರ್ಧ ಥ್ರಾಟಲ್‌ನಲ್ಲಿ ಮಟ್ಟವಾಗಿ ಹಾರಿದ ವಿಮಾನ, ಪೂರ್ಣ ಥ್ರಾಟಲ್ ಕೊಟ್ಟಾಗ ಮೂತಿ ತಗ್ಗಿಸಿತು, ಮುಚ್ಚಿದಾಗ ಎತ್ತಿತು. ಆದರೆ ಈ ಬಾರಿ ಅದು ಕೈಯೊಳಗಿದ್ದ ವರ್ತನೆ. ಎತ್ತಿದ ಮೂತಿ ಅಲ್ಲಿಯೇ ನಿಲ್ಲದೆ ತಾನಾಗಿ ಇಳಿಯುತ್ತಿತ್ತು.

ಮೋಟರು ಸಿಜಿಗಿಂತ 130 ಮಿ.ಮೀ. ಹಿಂದಿದೆ, 15 ಮಿ.ಮೀ. ಮೇಲಿದೆ. ಪ್ರೊಪೆಲರ್ ಇರುವ ತುದಿ ಮೇಲಾಗುವಂತೆ ದಂಡವನ್ನು 6.6 ಡಿಗ್ರಿ ವಾಲಿಸಿದರೆ ನೂಕುಬಲದ ರೇಖೆ ಸರಿಯಾಗಿ ಸಿಜಿಯ ಮೂಲಕವೇ ಹಾದುಹೋಗುತ್ತದೆ. ಅಷ್ಟನ್ನೂ ಒಂದೇ ಸಲಕ್ಕೆ ವಾಲಿಸುವುದನ್ನು ನಾನು ಒಪ್ಪಲಿಲ್ಲ, ಏಕೆಂದರೆ ಪ್ರೊಪೆಲರ್ ಹಿಂದಕ್ಕೆ ಬೀಸುವ ಗಾಳಿ ಬಾಲದ ಸುತ್ತ ಹರಿಯುವ ದಿಕ್ಕೂ ಅದರೊಂದಿಗೆ ಬದಲಾಗುತ್ತದೆ, ಅದರ ಪರಿಣಾಮವನ್ನು ಕಾಗದದ ಮೇಲೆ ಹೇಳುವುದು ಕಷ್ಟ. 19 ಮಿ.ಮೀ. ಅಂತರದ ಕೆಳಗಿನ ಎರಡು ಸ್ಕ್ರೂಗಳ ಬಳಿ, ಮೋಟರಿಗೂ ಪ್ಲೈವುಡ್‌ಗೂ ನಡುವೆ 1 ಮಿ.ಮೀ. ದಪ್ಪದ ವಾಷರ್ ಕೂರಿಸಿದರೆ 3 ಡಿಗ್ರಿ ಸಿಗುತ್ತದೆ. ಅಷ್ಟರಿಂದಲೇ ಮೂತಿಯ ತಗ್ಗುವಿಕೆ ಗಮನಿಸಿ ನೋಡಿದರೆ ಮಾತ್ರ ತಿಳಿಯುವಷ್ಟಕ್ಕೆ ಇಳಿಯಿತು. ಥ್ರಾಟಲ್‌ನೊಂದಿಗೆ ಎಲಿವೇಟರ್ ತಾನಾಗಿ ಚಲಿಸುವಂತೆ ಟ್ರಾನ್ಸ್‌ಮಿಟರಿನಲ್ಲಿ ಮಿಕ್ಸ್ ಮಾಡಿ ಇದನ್ನೆಲ್ಲ ಸರಿದೂಗಿಸಬಹುದೆಂಬ ಸಲಹೆಯೂ ಬಂದಿತ್ತು. ಅದು ಕೆಲಸ ಮಾಡುತ್ತದೆ. ಆದರೆ ಮೂರನೆಯ ಮುಚ್ಚಳವೊಂದನ್ನು ಸೇರಿಸಲು ನಾನು ಸಿದ್ಧನಿರಲಿಲ್ಲ.

ಮೋಟರಿನ ಪ್ಲೈವುಡ್ ತುಂಡನ್ನು ಹಾಟ್ ಗ್ಲೂ ಬದಲು ಎಪಾಕ್ಸಿಯಿಂದ ಅಂಟಿಸಿ ಭದ್ರಪಡಿಸಿದ್ದು ಈ ಹಂತದಲ್ಲಿಯೇ. ಕಡುಬಣ್ಣ ಬಳಿದ ಫೋಮ್ ಬಿಸಿಲಿನಲ್ಲಿ ಕಾಯುತ್ತದೆ, ಮೋಟರು ತನ್ನ ಬಿಸಿಯನ್ನೂ ಸೇರಿಸುತ್ತದೆ, ಹಾಟ್ ಗ್ಲೂ ಮೆತ್ತಗಾಗುತ್ತದೆ. ಆಗ ವಾಷರ್ ಹಾಕಿ ಸಾಧಿಸಿದ ಮೂರು ಡಿಗ್ರಿಗೆ ಬೆಲೆಯೇ ಇರುವುದಿಲ್ಲ.

ಪೂರ್ಣ ವೇಗದಲ್ಲಿ ವಿಮಾನ ಸ್ವಲ್ಪ ಎಡಕ್ಕೆ ಉರುಳುವ ಗುಣವೊಂದು ಉಳಿದುಕೊಂಡಿದೆ. ಬಲಗಡೆಯ ಬಾಲರೆಕ್ಕೆಯ ಹಾಳೆ ತುಸು ತಿರುಚಿಕೊಂಡಿರುವುದು ಇದಕ್ಕೆ ಕಾರಣವೆಂದು ತೋರುತ್ತದೆ. ಟ್ರಿಮ್‌ನಿಂದ ಅದನ್ನು ಸರಿಹೊಂದಿಸಿ ಹಾರಿಸಲಾಗುತ್ತಿದೆ. ಅದೇ ನಕ್ಷೆಯಿಂದ ಅವರು ಈಗ ಎರಡನೇ ಪ್ರತಿಯನ್ನು ಕತ್ತರಿಸಿದ್ದಾರೆ. ಕಾಗದ ಜೋಡಿಸಿದ ಮೇಲೆ, ಫೋಮ್‌ಗೆ ಬ್ಲೇಡ್ ತಾಗಿಸುವ ಮುನ್ನ, ಮೂತಿಯಿಂದ ರೆಕ್ಕೆಯ ಬುಡಕ್ಕೆ 350 ಮಿ.ಮೀ., ಮೂತಿಯಿಂದ ಬಾಲಕ್ಕೆ 920 ಮಿ.ಮೀ. ಇರುವುದನ್ನು ಟೇಪು ಹಿಡಿದು ನೋಡಲಾಗಿದೆ. ಸಿಜಿಯ ಗುರುತನ್ನು ರೆಕ್ಕೆಯ ಬುಡದಿಂದ ಅಳೆದು ಹಾಳೆಯ ಅಡಿಭಾಗದಲ್ಲಿ ಪೆನ್ಸಿಲಿನಿಂದ ಬರೆಯಲಾಗಿದೆ. ಮೋಟರು ನಕ್ಷೆಯಲ್ಲಿ ಹೇಳಿದ ಸಣ್ಣದೇ. ಕಚ್ಚಿನೊಳಗೆ, ಹಾಳೆಯ ಮಟ್ಟಕ್ಕೆ ಕೂತಿದೆ. ಅದಕ್ಕೆ ವಾಷರ್ ಬೇಕಾಗಿಲ್ಲ.